ಪ್ರಮಾಣ

ದಿಂಬಂನ ಇಪ್ಪತ್ತೇಳು ತಿರುವು ಇಳಿಯುವಾಗ
ಅಪ್ಪ ಒಂದೊಂದಕ್ಕೂ ಒಂದು ಮಣಿ ಉರುಳಿಸಿದ.
ಹನ್ನೊಂದನೆಯದರಲ್ಲಿ ನಾನು ವಾಂತಿ ಮಾಡಿಕೊಂಡೆ.
ಬಸ್ಸು ನಿಲ್ಲಲಿಲ್ಲ, ಜಪವೂ.

ಸತ್ಯಮಂಗಲದ ತಾಲ್ಲೂಕು ಕಚೇರಿ.
ನನಗೆ ಬೇಕಿದ್ದದ್ದು ಜಾತಿಯ ಪ್ರಮಾಣಪತ್ರ,
ಅದರ ಹಿಂದೆ ನರ್ಸಿಂಗ್ ಶಾಲೆಯ ಸೀಟು,
ಆದಿದ್ರಾವಿಡ ಹಾಸ್ಟೆಲಿನಲ್ಲೊಂದು ಮಂಚ.
ಅಪ್ಪನಿಗೆ ಗೊತ್ತಿದ್ದದ್ದು ಇನ್ನೊಂದು ಪ್ರಮಾಣ,
ಭಾನುವಾರ ಪ್ರಸಂಗ ಮುಗಿದ ಮೇಲೆ
ಎಲ್ಲರೂ ಎದ್ದು ನಿಂತು ಒಂದೇ ಉಸಿರಿಗೆ ಹೇಳುವಂಥದ್ದು.
ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತಿರುವುದು
ಯಾರ ತಪ್ಪೂ ಅಲ್ಲ.

ಹಿಂದಿನ ರಾತ್ರಿ ರಾಯಪ್ಪ ಚಿಕ್ಕಪ್ಪ ಬಂದು ಪಾಠ ಮಾಡಿದ್ದ:
"ಹಿಂದೂ ಅನ್ನು, ಒಂದೇ ಮಾತು ಕಣಣ್ಣ.
ಎದೆ ಒಳಗಿರೋದ ಯಾವ ಆಫೀಸರ್ ಅಳೀತಾನೆ?"
ಅವನ ಮನೆಯ ಗೋಡೆ ನೋಡಲು ಇನ್‌ಸ್ಪೆಕ್ಟರು ಬಂದ ದಿನ
ಯೇಸು ಒಂದು ಮಧ್ಯಾಹ್ನ ರಾಗಿಯ ವಾಡೆಯಲ್ಲಿ ಮಲಗಿದ್ದ.
ಸಂಜೆ ಎತ್ತಿದಾಗ ಐದು ಗಾಯದಲ್ಲೂ ಕಾಳು.
ಚಿಕ್ಕಮ್ಮ ಸೆರಗಿನ ತುದಿಯಿಂದ ಒಂದೊಂದೇ ತೆಗೆದಳು.
ಅವನನ್ನು ನಾನು ಹಂಗಿಸಲಾರೆ.
ರಾಯಪ್ಪ ಅಂದರೆ ಪೇತ್ರ. ಆ ಮೊದಲಿನವನೂ
ಬೆಂಕಿ ಕಾಯಿಸಿಕೊಳ್ಳುತ್ತ ಅಂದಿದ್ದನಲ್ಲ,
ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದು.
ಕೀಲಿಕೈ ಅವನ ಬಳಿಯೇ ಉಳಿಯಿತು.

ಗುಮಾಸ್ತ ತಲೆಯೆತ್ತಲಿಲ್ಲ. ಹೆಸರು?
ಇನ್ನಾಸಪ್ಪ.
ತಂದೆ?
ಚೌರಪ್ಪ.
ಮಗಳು?
ಆರೋಗ್ಯಮೇರಿ.
ಪೆನ್ನು ಅಲ್ಲೇ ನಿಂತಿತು.
ಮತ ಯಾವುದೆಂದು ಅವನು ಕೇಳಲೇ ಇಲ್ಲ.

ದಾರಿಯುದ್ದಕ್ಕೂ ಅಪ್ಪ ಎರಡು ಉತ್ತರ ಹೊತ್ತು ತಂದಿದ್ದ,
ಒಂದು ತಮ್ಮನದು, ಒಂದು ತನ್ನದು.
ಎರಡೂ ಒಂದೇ ದವಡೆಯಲ್ಲಿ ಎಲೆಯಡಿಕೆಯಂತೆ ಉಳಿದವು.
ಯಾವುದನ್ನು ಉಗುಳುತ್ತಿದ್ದನೋ, ಯಾವುದನ್ನು ನುಂಗುತ್ತಿದ್ದನೋ
ಸಾಯುವ ತನಕ ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ.

ಗುಮಾಸ್ತ ಕೆಟ್ಟವನಲ್ಲ.
ನನ್ನ ಮುಖ ನೋಡಿ ಒಂದು ಲೋಟ ನೀರು ತರಿಸಿದ.
"ರೂಲ್ಸಮ್ಮಾ" ಅಂದ.
ಮುದ್ರೆಯ ನೀಲಿ ಹತ್ತಿದ ಬೆರಳುಗಳನ್ನು
ಮೇಜಿನ ಒದ್ದೆ ಸ್ಪಂಜಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡ.

ನಮ್ಮ ಪ್ರಮಾಣದಲ್ಲೂ ಒಬ್ಬ ಸರ್ಕಾರಿ ನೌಕರನಿದ್ದಾನೆ.
ಪೇತ್ರನ ಹೆಸರಿಲ್ಲ, ಪೌಲನ ಹೆಸರಿಲ್ಲ,
ಕೈ ತೊಳೆದುಕೊಂಡ ಪಿಲಾತನ ಹೆಸರನ್ನು
ಮಕ್ಕಳ ಬಾಯಲ್ಲಿ ವಾರವಾರ ಹೇಳಿಸುತ್ತೇವೆ.
ಯಾಕೆಂದು ಉಪದೇಶಿಯನ್ನು ಕೇಳಿದ್ದೆ.
"ಕತೆಯಲ್ಲ, ಒಂದು ಕಚೇರಿಯಲ್ಲಿ ನಡೆದದ್ದು
ಅಂತ ನೆನಪಿರಲಿ ಮಗಾ."

ವಾಪಸು ಬರುವಾಗ ಹಾಸನೂರಿನಲ್ಲಿ ಬಸ್ಸು ನಿಂತಿತು.
ಟೀ ಬಂದದ್ದು ನಮ್ಮಂಥವರಿಗೆಂದೇ ಸೂರಿಗೆ ಸಿಕ್ಕಿಸಿಟ್ಟ
ಅಲ್ಯೂಮಿನಿಯಂ ಲೋಟದಲ್ಲಿ.
ಅಂಗಡಿಯವನು ಪತ್ರ ಕೇಳಲಿಲ್ಲ.

ನಾನು ನರ್ಸಾಗಲಿಲ್ಲ. ಸಿಸ್ಟರುಗಳ ಆಸ್ಪತ್ರೆಯಲ್ಲಿ
ಹದಿನೆಂಟು ವರ್ಷ ಹಾಸಿಗೆಬಟ್ಟೆ ಒಗೆದೆ.
ಪಿಂಚಣಿಯ ಅರ್ಜಿ ತುಂಬುವಾಗ, ಮತ ಎಂಬ ಖಾನೆಯಲ್ಲಿ,
ಕೈ ಈಗಲೂ ಒಂದು ಗಳಿಗೆ ತಡೆಯುತ್ತದೆ.

ತಾಳವಾಡಿಯ ಗುಡಿಯಲ್ಲಿ ಈಗ ಹೊಸ ಪುಸ್ತಕ.
ವಿಶ್ವಾಸಿಸುತ್ತೇನೆ ಎಂದು ಅಚ್ಚಾಗಿದೆ.
ಅಜ್ಜಿಯ ನಾಲಿಗೆಗೆ ಆ ಪದ ಹತ್ತಿದ್ದೇ ಇಲ್ಲ,
"ನಂಬಿವ್ನಿ" ಅನ್ನುತ್ತಿದ್ದಳು.
ಸಂತೆಯಲ್ಲಿ ಬೆಳ್ಳುಳ್ಳಿ ಕಡ ಕೊಡುವಾಗಲೂ ಅದೇ ಮಾತು:
ನಂಬಿವ್ನಿ, ಬರೋ ವಾರ ಕೊಡು.
ಕೊಡದವರಿಗೂ ಮತ್ತೆ ಅಳೆದು ಕೊಡುತ್ತಿದ್ದಳು.

ಕೆಲವು ಭಾನುವಾರ ಪಿಲಾತನ ತನಕ ಹೇಳಿ
ನನ್ನ ದನಿ ನಿಂತುಬಿಡುತ್ತದೆ.
ಮಿಕ್ಕದ್ದನ್ನು ಪಕ್ಕದವರು ನನಗೂ ಸೇರಿಸಿ ಹೇಳಿಕೊಳ್ಳಲಿ.
ಕೊನೆಯ ಬೆಂಚಿನಲ್ಲಿ ರಾಯಪ್ಪ ಚಿಕ್ಕಪ್ಪ,
ಎಂಬತ್ತು ದಾಟಿದೆ, ಕಿವಿ ಮಂದ,
ದನಿ ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಒಂದು ಸಾಲು ಹಿಂದೆ.
ನಾವು ಆಮೆನ್ ಅಂದು ಕೂರುವ ಹೊತ್ತಿಗೆ
ಅವನಿನ್ನೂ ಸತ್ತವರನ್ನು ಎಬ್ಬಿಸುತ್ತಿರುತ್ತಾನೆ.
ಗುರುಗಳು ಕೂರುವುದಿಲ್ಲ.
ಅವನು ಬರಲಿ ಎಂದು ನಾವೂ
ಮತ್ತೆ ಎದ್ದು ನಿಲ್ಲುತ್ತೇವೆ.