ಐಚ್ಛಿಕ

ಟೈಮ್‌ಟೇಬಲ್ಲು ಟೈಪು ಮಾಡುವ ಆಫೀಸಿನ ವಾಮನಣ್ಣ
ಆ ಶಬ್ದ ಬರುವಲ್ಲಿ ಮೂರು ಚುಕ್ಕಿ ಇಟ್ಟಿದ್ದರು.
ಸಮಾಜಶಾಸ್ತ್ರ, ಐಚ್ಛಿಕ, ಚುಕ್ಕಿ ಚುಕ್ಕಿ ಚುಕ್ಕಿ,
ಬುಧವಾರ ಶುಕ್ರವಾರ, ಊಟದ ನಂತರ, ಕೋಣೆ ಮೂವತ್ತೊಂದು.
ಹದಿನಾಲ್ಕು ಮಂದಿ ಆ ಚುಕ್ಕಿಗಳನ್ನು ಆರಿಸಿಕೊಂಡೆವು.
ಕೆಲವರು ಹಾಜರಿ ಸಲೀಸೆಂದು, ಕೆಲವರು ನಗಲಿಕ್ಕೆ.
ನಾನು, ಆ ಹೊತ್ತಿಗೆ ಬಜಪೆ ಬಸ್ಸಲ್ಲಿ ಸೀಟು ಸಿಗುತ್ತದೆಂದು.
ಮನೆಯಲ್ಲಿ ಹೇಳಿದ್ದು ಹಾಗೆ.
ರಮ್ಲತ್ ನೋಟ್ಸಿನ ಅಂಚಲ್ಲಿ
'ಐಚ್ಛಿಕದೊಳಗೆ ಇಚ್ಛೆ ಇದೆ' ಎಂದು ಬರೆದು
ನಾನು ನೋಡಿದ್ದು ಕಂಡು ಹೊಡೆದುಹಾಕಿದಳು.

ಕ್ರಾಸ್ತಾ ಮೇಡಂ ಮೊದಲ ದಿನ ಪಾಠ ಮಾಡಲಿಲ್ಲ.
ಬಾಗಿಲು ಹಾಕಲು ಎದ್ದವನಿಗೆ 'ಬಿಡು, ಸೆಕೆ' ಎಂದರು.
ಲೈಂಗಿಕತೆ ಎಂದು ಬೋರ್ಡಿನಲ್ಲಿ ಬರೆದರು,
ಐತ್ವ ಕೊಡುವಾಗ ಚಾಕ್‌ಪೀಸು ಮುರಿಯಿತು.
'ಇದನ್ನು ನಿಮ್ಮ ನಿಮ್ಮ ಮನೆಮಾತಿನಲ್ಲಿ ಹೇಳಿ.'
ತುಳು ಸುಮ್ಮನಾಯಿತು. ಬ್ಯಾರಿ ನೆಲ ನೋಡಿತು.
ಕೊಂಕಣಿ ನಮ್ಮಲ್ಲಿ ಎರಡು ಬಗೆಯದು,
ಎರಡೂ ಒಂದೇ ಥರ ಕೆಮ್ಮಿದವು.
ಹಿಂದಿನ ಬೆಂಚಿನ ಸ್ಟ್ಯಾನಿ ಮಾತ್ರ ಒಂದು ಶಬ್ದ ಹೇಳಿದ,
ದಕ್ಕೆಯಲ್ಲಿ ಬಲೆ ಹರಿದಾಗ ಬೋಟಿನವರು ಆಡುವಂಥದು.
ನಕ್ಕೆವು.
ಮೇಡಂ ಅದನ್ನೂ ಬರೆದುಕೊಂಡರು.
'ಬೈಯಲಿಕ್ಕೆ ಇದೆ. ಬೇರೆ ಯಾವುದಕ್ಕೂ ಇಲ್ಲವಾ?'

ಪುಸ್ತಕಕ್ಕೆ ಸಹಕಾರಿ ಬ್ಯಾಂಕಿನ ಕ್ಯಾಲೆಂಡರು ಸುತ್ತಿದೆ.
ಹೊರಗೆ ಏಕಾದಶಿ, ಸಂಕಷ್ಟಿ, ರಾಹುಕಾಲ.
ಸೀಟು ಸಿಗುತ್ತಿರಲಿಲ್ಲ, ಅದು ಬೇರೆ.
ಸ್ಟೇಟ್‌ಬ್ಯಾಂಕಿನಿಂದ ಕಾವೂರಿನವರೆಗೆ ನಿಂತೇ ಓದಬೇಕು.
ಸಮ್ಮತಿಯ ಅಧ್ಯಾಯದಲ್ಲಿದ್ದೆ ಒಂದು ದಿನ,
ಇಲ್ಲವೆಂದರೆ ಇಲ್ಲವೆಂದೇ ಎಂಬ ಸಾಲಿನ ಹತ್ತಿರ,
ಹಿಂದಿನವನ ಮೊಣಕೈ ತಿರುವಿಲ್ಲದಲ್ಲೂ ವಾಲಿತು.
ಪುಸ್ತಕದ ರಟ್ಟು ದಪ್ಪ, ಮೂಲೆ ಚೂಪು.
ಅಷ್ಟರ ಮಟ್ಟಿಗೆ ಓದು ಉಪಯೋಗಕ್ಕೆ ಬಂತು.

ಯತೀಶ ಕಾಲೇಜಿನ ಆಟದಲ್ಲಿ ಹೆಣ್ಣುವೇಷ ಹಾಕುವವನು,
ಕ್ಲಾಸಿನಲ್ಲಿ ತುಟಿ ಬಿಚ್ಚದವನು.
ಸೆಪ್ಟೆಂಬರಿನಲ್ಲಿ ಒಂದು ಸಲ ಎದ್ದು ನಿಂತ.
'ಸೀರೆ ಬಿಚ್ಚಿ, ಬಣ್ಣ ತೆಗೆದ ಮೇಲೂ ಮೇಡಂ
ಸ್ವಲ್ಪ ಹೊತ್ತು ನಡಿಗೆ ಹಾಗೇ ಇರುತ್ತದೆ.
ಆ ಸ್ವಲ್ಪ ಹೊತ್ತು ನಾನು ಯಾರು ಅಂತ
ಪರೀಕ್ಷೆಗೆ ಬರುತ್ತದಾ?'
ಫ್ಯಾನು ತಿರುಗುವುದು ಕೇಳಿಸಿತು.
ನಗಲಿಕ್ಕೆ ಸೇರಿದವರೂ ನಗಲಿಲ್ಲ.
'ಬರುವುದಿಲ್ಲ' ಎಂದರು ಮೇಡಂ. 'ಆದರೆ ಬರೆದಿಡು.'
ಮುಂದಿನ ವಾರ ಅವನ ಪಕ್ಕದ ಜಾಗ ಖಾಲಿ ಇತ್ತು.
ಮರುವಾರ ಸ್ಟ್ಯಾನಿ ಹೋಗಿ ಕೂತ,
ಏನೂ ಹೇಳದೆ, ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತ.

ಅಸೈನ್‌ಮೆಂಟು: ಮನೆಯ ಹಿರಿಯರೊಬ್ಬರನ್ನು ಕೇಳಿ ಬನ್ನಿ,
ಈ ವಿಷಯವನ್ನು ಅವರು ಹೇಗೆ ಮಾತಾಡುತ್ತಿದ್ದರು ಎಂದು.
ಅಮ್ಮನ ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪು.
ಬೆಳಿಗ್ಗೆ ಬ್ರಾಂಚಿಗೆ ಎಂಟು ನೂರು ಬೀಡಿ ಕೊಡಬೇಕು.
ಪ್ರಶ್ನೆ ಕೇಳಿ ನಾನು ಕತ್ತರಿ ನೋಡುತ್ತ ಕೂತೆ.
ಅವಳು ಒಂದು ಕಟ್ಟು ಮುಗಿಸಿದಳು. ಇನ್ನೊಂದು.
ಕರೆಂಟು ಹೋಯಿತು. ಆಗ ಹೇಳಿದಳು.

'ಬೊಂಬಾಯಿಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದರು ನಿನ್ನಪ್ಪ.
ಇದೇ ಕೋಣೆ. ಆ ಕಡೆ ಅತ್ತೆ, ಈ ಕಡೆ ಮೈದುನಂದಿರು.
ಕತ್ತಲಲ್ಲಿ ಮೆಲ್ಲ ಕೇಳುತ್ತಿದ್ದರು, ನಿದ್ರೆ ಬತ್ತ್ಂಡಾ?
ಇಜ್ಜಿ ಎಂದರೆ ಬರಬಹುದು ಎಂದು.
ನಾನು ಸುಮ್ಮನಿದ್ದರೆ, ನಿದ್ದೆ ಬಂದಿದೆ ಎಂದು.
ನಿದ್ದೆ ಬಾರದೆಯೂ ಎಷ್ಟೋ ದಿನ ಸುಮ್ಮನಿದ್ದೆ.
ಎರಡನೇ ಸಲ ಕೇಳಿದವರಲ್ಲ.'

ಅಪ್ಪ ಹೋಗಿ ಆರು ವರ್ಷ.
ನನ್ನ ಪುಸ್ತಕದಲ್ಲಿ ಇಲ್ಲವೆಂದರೆ ಇಲ್ಲ,
ಅಮ್ಮನ ಕತ್ತಲಲ್ಲಿ ಇಲ್ಲವೆಂದರೆ ಬಾ.
ಇದನ್ನು ಯಾವ ತಲೆಬರಹದ ಕೆಳಗೆ ಬರೆಯುವುದು?

ಕರೆಂಟು ಬಂತು. ಅವಳು ಕತ್ತರಿ ಹುಡುಕಿದಳು.
'ಇದಕ್ಕೆಲ್ಲ ಮಾರ್ಕು ಎಷ್ಟು ಮಗಾ?'
'ಹತ್ತು.'
'ನನಗೆಷ್ಟು ಕೊಡುತ್ತಾರೆ ಕೇಳು.'
ಎಲೆ ಕತ್ತರಿಸುತ್ತ, ತಲೆ ಎತ್ತದೆ,
ಒಬ್ಬಳೇ ತುಂಬಾ ಹೊತ್ತು ನಗುತ್ತಿದ್ದಳು.