ನಿವ್ವಳ

ರಾತ್ರಿ ಒಂಬತ್ತೂವರೆ. ಅಡುಗೆಮನೆ ಪಕ್ಕದ ಸಾಮಾನು ಕೋಣೆ.
ಹಿಂದಿನ ಗಾಲಿ ಕಳಚಿದ ಸೈಕಲ್ಲು
ಟ್ರೇನರಿನ ಮೇಲೆ ಹಲ್ಲು ಕಚ್ಚಿ ನಿಂತಿದೆ.
ಅಕ್ಕಿ ಮೂಟೆ, ಮಗಳ ಹಳೇ ತೊಟ್ಟಿಲು, ನಾನು.
ಪರದೆಯೊಳಗೆ ಯಾವುದೋ ದೇಶದ ಕಡಲ ರಸ್ತೆ,
ಬೇಲಿಗೆ ಈಗಷ್ಟೇ ಬಣ್ಣ ಬಳಿದ ಹಾಗೆ.
ಮೂವತ್ತಾರು, ಎನ್ನುತ್ತದೆ ಮೂಲೆಯ ಅಂಕಿ.
ಗಂಟೆಗೆ ಮೂವತ್ತಾರು!
ಬೆವರು ಚಾಪೆಗೆ ತೊಟ್ಟಿಕ್ಕುತ್ತದೆ,
ಅಕ್ಕಿ ಮೂಟೆ ಇನ್ನೂ ಪಕ್ಕದಲ್ಲೇ ಇದೆ.

ಭಾನುವಾರ ಬೆಳಗ್ಗೆ ಅದೇ ಕಾಲು, ಅದೇ ಸೈಕಲ್ಲು,
ಮಂಡ್ಯ ದಾಟಿ ನಾಲೆ ಏರಿಯ ಮೇಲೆ
ಇಪ್ಪತ್ಮೂರು.
ಎಳೆದೂ ಎಳೆದೂ ಇಪ್ಪತ್ನಾಲ್ಕು.

ಉಳಿದ ಹನ್ನೆರಡು ಎಲ್ಲಿ ಸೋರಿತು?
ಲೆಕ್ಕ ತಾಳೆಯಾಗದೆ ಉಂಡದ್ದು ಇಳಿಯದವನು ನಾನು.
ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಹತ್ತೊಂಬತ್ತು ವರ್ಷ:
ತುಂಬಿದ ಲಾರಿ ಇಷ್ಟು, ಖಾಲಿ ಲಾರಿ ಇಷ್ಟು,
ಸೋಗೆ, ಬೇರು, ಮಣ್ಣು, ಕಸ ಕಳೆದು
ನಿವ್ವಳ ಇಷ್ಟು. ಸಹಿ.

ಮೊದಲು ಸೈಕಲ್ಲಿನ ಮೇಲೇ ಗುಮಾನಿ.
ಗುತ್ತಲು ರಸ್ತೆಯ ಇನಾಯತ್ ಚೈನು ತೊಳೆದ,
ಹಬ್ಬು ಬಿಚ್ಚಿದ, ಗಾಲಿ ತಿರುಗಿಸಿ ಕಿವಿಗೊಟ್ಟ.
"ಸೈಕಲ್ ಸರಿಯಾಗೈತೆ ಸಾರ್,
ನಿಮ್ ಟೀವೀಲಿ ಗುಂಡಿ ಇಲ್ಲ, ಅಷ್ಟೇ."

ಹೌದು, ಗುಂಡಿಯಿಲ್ಲ, ಹಂಪಿಲ್ಲ,
ತಿರುವಿನಲ್ಲಿ ಬ್ರೇಕಿಗೆ ಬೆರಳು ಹೋಗುವುದೇ ಇಲ್ಲ.
ಮುಂದಿನವನು ದಾರಿ ಬಿಡದಿದ್ದರೆ
ಅವನ ಮೈಯೊಳಗಿಂದಲೇ ಹಾದುಹೋಗಬಹುದು.
ಡೇರಿಗೆ ಹೊರಟ ಹಾಲಿನ ಕ್ಯಾನುಗಳೊಳಗಿಂದ
ಹಾಗೆ ಹಾಯಲು ಬರುವುದಿಲ್ಲ ಇಲ್ಲಿ.
ನಡುದಾರಿಯಲ್ಲಿ ನಿಂತ ಎಮ್ಮೆ
ತನ್ನ ಯೋಚನೆ ಮುಗಿಸುವ ತನಕ ಕಾಯಬೇಕು.

ಇನ್ನೊಂದಿದೆ, ಹೇಳಲು ನಾಚಿಕೆ.
ತೂಕದ ಖಾನೆಯಲ್ಲಿ ಅರವತ್ನಾಲ್ಕು ಎಂದು ಬರೆದವನು ನಾನೇ,
ಮದುವೆಯಾದ ವರ್ಷದ ತೂಕ ಅದು.
ಒಂದು ರಾತ್ರಿ ಪಾಳಿ, ಎರಡು ಗಂಟೆ,
ಲಾರಿಯಿಲ್ಲದ ಹೊತ್ತು ನೋಡಿ
ಕಬ್ಬಿಣದ ಹಾಸಿನ ನಡುವೆ ಹೋಗಿ ನಿಂತೆ.
ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಷ್ಟೇ ಮಾತಾಡುವ ಯಂತ್ರ
ಎಂಬತ್ತು, ಎಂದಿತು.
ಅದಕ್ಕೆ ಸುಳ್ಳು ಬರದು; ನಾಜೂಕೂ ಬರದು.

ಮನೆಯ ತಕ್ಕಡಿಯ ಮೇಲೆ ನಿಂತು ಎಪ್ಪತ್ತೆಂಟು ಎಂದು ತಿದ್ದಿದೆ.
ಪರದೆಯ ಗುಡ್ಡಗಳು ಆ ರಾತ್ರಿ ತಮ್ಮ ಕಸುಬು ತೋರಿಸಿದವು.
ಸಮರಸ್ತೆಯಲ್ಲಿ ಮಾತ್ರ
ಅಂಕಿ ಅಲುಗಿದ್ದು ಅಷ್ಟಕ್ಕಷ್ಟೆ.

ಹಾಗಾದರೆ ಇನ್ನೇನು?

ಆಷಾಢದ ಭಾನುವಾರ, ಏರಿಯ ಮೇಲೆ ಎದುರುಗಾಳಿ.
ಕಬ್ಬಿನ ಗದ್ದೆ ಪೂರಾ ನನ್ನ ಕಡೆಗೇ ಬಾಗಿ
ಹೋಗಬೇಡ ಹೋಗಬೇಡ ಅನ್ನುತ್ತಿತ್ತು.
ಹತ್ತೊಂಬತ್ತು. ಹದಿನೆಂಟು.
ಆಗ ಹಿಂದಿನಿಂದ ಬಂತು ಕಬ್ಬು ಹೇರಿದ ಟ್ರ್ಯಾಕ್ಟರು,
ದಾಟಿತು, ನಾನು ಅದರ ಬೆನ್ನಿಗೆ ಬಿದ್ದೆ.

ಗಾಳಿ ನಿಂತೇ ಹೋಯಿತು.
ಯಾರೋ ಕದ ಮುಚ್ಚಿದರು.
ಇಪ್ಪತ್ತೆಂಟು, ಮೂವತ್ತು, ಮೂವತ್ತೊಂದು.
ಕಣ್ಣೆದುರು ಕಬ್ಬಿನ ಬುಡಗಳ ಗೋಡೆ,
ಮೂಗಿಗೆ ಡೀಸೆಲ್ಲು, ಹಸಿ ಸಿಹಿ.
ಕಾಲು ಹಗುರ; ಅದೇ ಸಾಮಾನು ಕೋಣೆಯ ಹಗುರ.
ಅಲ್ಲಿ ಗಾಳಿ ಎಂದರೆ ಒಂದು ಲೆಕ್ಕ,
ಅದನ್ನೂ ಯಾರಾದರೊಬ್ಬ ಅಪರಿಚಿತ ನನ್ನ ಮುಂದೆ ಕೂತು
ಸೀಳಿ ಕೊಡುತ್ತಲೇ ಇದ್ದ, ದಿನವೂ.
ಒಮ್ಮೆಯೂ ಅವನ ಹೆಸರು ಓದಿರಲಿಲ್ಲ.

ಡ್ರೈವರ್ ಮರಿಸಿದ್ದ ತಿರುಗಿ ನೋಡಿದ.
"ಅಣ್ಣೋ, ನೇತಾಕ್ಕಂಡ್ ಬತ್ತಿದ್ದೀಯೇನ್ಲಾ?
ನಾನ್ ಆಲೆಮನೆ ಕಡೆ ತಿರುಗ್ತೀನಿ, ಹುಸಾರು!"

ತಿರುಗಿದ.
ಇಷ್ಟೊತ್ತು ಬಾಗಿಲಾಚೆ ಕಾದಿದ್ದ ನೆಂಟನ ಹಾಗೆ
ಗಾಳಿ ನೇರ ಎದೆಗೇ ಬಂತು.
ಹದಿನೇಳು.

ಲೋಡಿನಿಂದ ಜಾರಿದ್ದ ಒಂದು ಜಲ್ಲೆ
ದಾರಿಯಲ್ಲಿ ಬಿದ್ದಿತ್ತು, ಸೋಗೆ ಸಮೇತ.
ಹ್ಯಾಂಡಲ್ಲಿಗೆ ಕಟ್ಟಿಕೊಂಡೆ.
ಒಂದೂಕಾಲು ಕಿಲೋ ಇರಬಹುದು;
ಇನ್ನಷ್ಟು ಗಾಳಿಗೆ ಇನ್ನಷ್ಟು ಸೋಗೆ,
ಮನೆ ತನಕ ಫರಫರ.

ಜಲ್ಲೆಯ ಸಿಪ್ಪೆ ಹಲ್ಲಲ್ಲಿ ಸಿಗಿಯುತ್ತ ಇಂಪನ ಕೇಳಿದಳು:
"ಇವತ್ತೆಷ್ಟಪ್ಪ ಸ್ಪೀಡು?"
"ಇಪ್ಪತ್ತೊಂದು."
"ಕಸ ಕಳೆದಾ?"
"ಇಲ್ಲಮ್ಮಾ," ಅಂದೆ.
"ಕಸ ಸೇರಿ."