ವಿಶೇಷ: ಏನೂ ಇಲ್ಲ

ಬೀಟ್ ಪುಸ್ತಕದ ತಗಡಿನ ಡಬ್ಬಿಯನ್ನು
ನಮ್ಮ ಗೋಡೆಗೇ ಯಾಕೆ ಹೊಡೆದರೋ ಗೊತ್ತಿಲ್ಲ.
ಕಾರಟಗಿಯ ಗಿರಣಿ ಓಣಿಯಲ್ಲಿ ಗೋಡೆಗಳಿಗೇನು ಬರವೇ?
ಮೊಳೆ ಬಡಿದ ದಿನ ಗೋಡೆ ಬಿರುಕು ಬಿಟ್ಟಿತು,
ಒಳಗೆ ಅರಿಶಿನದ ಡಬ್ಬಿ ಕೆಳಗೆ ಬಿತ್ತು.
ಅಷ್ಟೇ ನೆನಪು.

ರಾತ್ರಿ ಒಂದಕ್ಕೆ ಎದ್ದು ಹಿಟ್ಟು ರುಬ್ಬುತ್ತೇನೆ.
ಬೆಳಗಿನ ಪಾಳಿಯ ಹಮಾಲರಿಗೆ ಇಡ್ಲಿ,
ಐದು ಸೇರು ಅಕ್ಕಿ, ಒಂದೂವರೆ ಸೇರು ಉದ್ದು.
ಕಲ್ಲು ತಿರುಗುವಾಗ ಓಣಿ ಕೇಳಿಸುವುದಿಲ್ಲ,
ನಿಲ್ಲಿಸಿ ಕೈಯಿಂದ ಬಳಿಯುವಾಗ ಮಾತ್ರ
ಎಲ್ಲ ಕೇಳಿಸುತ್ತದೆ:
ಕುದಿಸಿದ ಭತ್ತ ಹರಡುವ ಸಲಿಕೆ,
ಕಾಲುವೆ ಕಡೆಯ ಕಪ್ಪೆ,
ಖಾಜಾಹುಸೇನನ ಕೆಮ್ಮು,
ಮತ್ತೆ ಎರಡರ ಸುಮಾರಿಗೆ
ಪೇದೆ ಯಂಕೋಬನ ಬೈಕು.
ಡಬ್ಬಿಯ ಮುಚ್ಚಳ ಕಿರ್ ಅನ್ನುತ್ತದೆ.
ಸಹಿ ಮಾಡಲು ಎಷ್ಟು ಹೊತ್ತು?
ಹಿಟ್ಟಿಗೆ ಒಂದು ಸೌಟು ನೀರು ಹಾಕುವಷ್ಟು.

ಮೊನ್ನೆ ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು.
ಹೊಸ ಪಿಎಸ್ಐ, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಹುಡುಗ,
ಹಾಳೆ ನೋಡಿ ಓದಿದ:
ಹೋದ ವರ್ಷ ಬೈಕು ಕಳವು ಒಂಬತ್ತು, ಈ ವರ್ಷ ನಾಲ್ಕು.
ಪಂಪಿನ ಮೋಟಾರು ಎರಡು, ಒಂದು ಸಿಕ್ಕಿದೆ.
ಕೊರಳ ಸರ ಒಂದು, ಅದೂ ರೋಲ್ಡ್ ಗೋಲ್ಡು.
ಎಲ್ಲರೂ ನಕ್ಕೆವು. ಕಳಕೊಂಡ ಟೀಚರಮ್ಮನೂ ನಕ್ಕಳು.
ಕೊಲೆ ಇಲ್ಲ. ದರೋಡೆ ಇಲ್ಲ.
"ನಿಮ್ಮದು ಒಳ್ಳೆಯ ಊರು" ಅಂದ.
ಚಪ್ಪಾಳೆ. ಗಿರಣಿಯ ವೀರ್ರಾಜು ಕಡೆಯಿಂದ
ಎಲ್ಲರಿಗೂ ಬಾದಾಮಿ ಹಾಲು.

ಹುಲಿಗೆಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು,
ಹಾಲು ಮುಟ್ಟಲಿಲ್ಲ.

ಅವಳ ಗಂಡ ತಿಂಗಳಿಗೆ ಇಪ್ಪತ್ತು ದಿನ ಲಾರಿ ಮೇಲೆ.
ಆ ದಿನಗಳನ್ನು ಅವಳಲ್ಲದೆ
ಓಣಿಯಲ್ಲಿ ಇನ್ನೂ ಯಾರೋ ಎಣಿಸುತ್ತಿದ್ದಾರೆ.
ಬಡಿಯುವುದು ಜೋರಾಗಿ ಅಲ್ಲ,
ಎರಡು ಬೆರಳಿನ ಗೆಣ್ಣಿನಿಂದ,
ಪರಿಚಯದವರು ಬಡಿಯುವ ಹಾಗೆ.
ಅವಳು ಬಾಗಿಲಿಗೆ ಒನಕೆ ಆನಿಸಿ
ಮಗಳ ಬಾಯಿ ಮುಚ್ಚಿ ಕೂರುತ್ತಾಳೆ.
ಕಳುವಾದದ್ದು ಏನು ಅಂತ ಬರೆಸುವುದು?
ಮುರಿದದ್ದು ಏನು?
ಹೋದರೆ "ಹೆಸರು ಹೇಳಮ್ಮ" ಅನ್ನುತ್ತಾರೆ,
ಹೇಳಿದರೆ ಕೆಡುವ ಹೆಸರು ಅವಳದೇ.

ಅದು ನನಗೂ ಕೇಳಿಸಿದೆ. ನಾಲ್ಕು ಸಲ.
ನಾಲ್ಕು ಸಲವೂ ನಾನು
ಕಲ್ಲಿನ ಸ್ವಿಚ್ಚು ಹಾಕಿದ್ದೇನೆ.

ಸಭೆ ಮುಗಿಸಿ ಬಂದು ಡಬ್ಬಿ ತೆಗೆದೆ. ಬೀಗವೇನೂ ಇಲ್ಲ.
ತಾರೀಖು, ವೇಳೆ, ಸಹಿ, ವಿಶೇಷ.
ವಿಶೇಷದ ಕೆಳಗೆ ಉದ್ದಕ್ಕೂ "ಏನೂ ಇಲ್ಲ",
ಕೆಲವು ಕಡೆ ಬರೀ ಎರಡು ಗೀಟು,
ಮೇಲಿನಂತೆಯೇ ಅಂತ.
ಹದಿನಾಲ್ಕು, ಹದಿನೈದು, ಹದಿನಾರು:
ಮೂರು ರಾತ್ರಿಗೂ ಮಸಿ ಒಸರುವ ಅದೇ ಪೆನ್ನು, ಒಂದೇ ಓಟ.
ಹದಿನೈದಕ್ಕೆ ಬೈಕು ಬಂದಿರಲಿಲ್ಲ, ನನಗೆ ಗೊತ್ತು.
ಬಂದದ್ದು ಚಪ್ಪಲಿ ಸಪ್ಪಳ.

ಉದ್ದರಿ ಲೆಕ್ಕದ ಪೆನ್ಸಿಲ್ ಸೆರಗಿನಲ್ಲೇ ಇತ್ತು.
ಮೂರನೇ ಕ್ಲಾಸಿಗೆ ನಿಂತುಹೋದ ನನ್ನ ಅಕ್ಷರ, ಸೊಟ್ಟ ಸೊಟ್ಟ:
"ಬಾಗ್ಲ ಬಡದ್ರು. ಆಕಿ ತಗೀಲಿಲ್ಲ. ನಾನು ಕೇಳೀನಿ."

ಆ ರಾತ್ರಿ ಬೈಕು ಎರಡು ಹತ್ತಕ್ಕೆ ಬಂತು.
ಮುಚ್ಚಳ ಕಿರ್ ಅಂತು.
ಕೈ ಹಿಟ್ಟಿನಲ್ಲೇ ಬಿಟ್ಟು ನಿಂತೆ.
ಬ್ಯಾಟರಿಯ ಬೆಳಕು ಮೊಳೆಯ ಬಿರುಕಿನಿಂದ ಒಳಬಂದು
ಅರಿಶಿನದ ಡಬ್ಬಿಯ ಮೇಲೆ ಅಲುಗಾಡದೆ ಕೂತಿತು.
ಒಂದು ಸೌಟು ನೀರಲ್ಲ,
ಒಂದು ಕೊಡ ತುಂಬುವಷ್ಟು ಹೊತ್ತು.

ಆಮೇಲೆ ಕಿಟಕಿಯ ಸರಳಿನ ಹತ್ತಿರ ದನಿ:
"ಅಕ್ಕಾರ, ಎಚ್ಚರ ಅದೀರೇನು?"
ಉಗುಳು ನುಂಗಿದೆ. "ಅದೀನಿ."
"ಪೆನ್ನು ನಿಂತೈತ್ರಿ. ಆ ಪೆನ್ಸಿಲ್ ಕೊಡ್ತೀರೇನು?"

ಕೊಟ್ಟೆ. ಉದ್ದಿನ ಹಿಟ್ಟು ಮೆತ್ತಿತ್ತು ಅದಕ್ಕೆ.
ಬರೆದನೋ, ನನ್ನದನ್ನು ಗೀಚಿ ಅಳಿಸಿದನೋ,
ಇನ್ನೂ ಡಬ್ಬಿ ತೆಗೆದು ನೋಡಿಲ್ಲ.
ಪೆನ್ಸಿಲ್ ವಾಪಸು ಬಂದಾಗ
ತುದಿ ಮೊಂಡಾಗಿತ್ತು.